ಎಡಗಡೆಯ ದೀಪ

ಕುಲಗೋಡದ ಉದ್ದಪ್ಪ ಯಾರನ್ನೂ ಸುಲಭಕ್ಕೆ ನಂಬುವ ಪೈಕಿ ಅಲ್ಲ. ಬಲ್ಬು ಕೊಂಡರೆ ಅಂಗಡಿಯಲ್ಲೇ ಹಚ್ಚಿಸಿ ನೋಡುವನು. ಹತ್ತಿದ್ದನ್ನು ಆರಿಸಿ ಮತ್ತೊಮ್ಮೆ ಹಚ್ಚಿಸುವನು. ಬಸ್ಸಿನ ಹಣೆಯ ಮೇಲೆ ಗೋಕಾಕ ಎಂದು ದಪ್ಪಕ್ಕೆ ಬರೆದಿದ್ದರೂ ಕಂಡಕ್ಟರನ ಬಾಯಿಂದ ಕೇಳದೆ ಹತ್ತುವನಲ್ಲ. ನಗುವವರು ನಗಲಿ. ಸಕ್ಕರೆ ಕಾರ್ಖಾನೆಯ ಎಂಜಿನ್ ಶೆಡ್ಡಿನಲ್ಲಿ ಅವನು ಮೂವತ್ತೊಂದು ವರ್ಷ ಎಲೆಕ್ಟ್ರಿಶಿಯನ್ ಆಗಿದ್ದ. ಪಾಳಿ ಮುಗಿಸಿ ಹೊರಡುವಾಗ ಗೇಟಿನಲ್ಲಿ ಉಳಿದವರನ್ನೆಲ್ಲ ಬಿಟ್ಟು, ಕೇರಿಯಿಂದ ಬಂದ ಇವನೊಬ್ಬನ ಚೀಲವನ್ನೇ ತೆರೆಸುತ್ತಿದ್ದರು. ಒಂದು ದಿನವೂ ಒಂದು ಮೊಳೆ ಸಿಗಲಿಲ್ಲ. ಆ ಮಾತನ್ನು ಅವನು ಮಗಳು ಸಂಘಮಿತ್ರಾಳ ಮದುವೆಯಲ್ಲಿ ಬೀಗರ ಮುಂದೆಯೂ ಹೇಳಿಕೊಂಡಿದ್ದ.

ಕಾರ್ಖಾನೆಯಿಂದ ಘಟಪ್ರಭಾ ಸ್ಟೇಷನ್ನಿಗೆ ಸಕ್ಕರೆ ವ್ಯಾಗನ್ ಎಳೆಯುತ್ತಿದ್ದ ಹಳೆಯ ಡೀಸೆಲ್ ಎಂಜಿನ್ನಿಗೆ ಈಗ ಬಣ್ಣ ಹಚ್ಚಿ, ಗೇಟಿನೆದುರು ಪ್ರದರ್ಶನಕ್ಕೆ ನಿಲ್ಲಿಸುವವರಿದ್ದರು. ಎಲ್ಇಡಿ ಬೇಡ, ಮೊದಲಿನ ದೀಪಗಳೇ ಬೇಕು ಎಂದು ಹಟ ಹಿಡಿದವಳು ಹೊಸ ಎಂಜಿನಿಯರ್ ಶಿವಾನಿ. ಅವಳು ಉದ್ದಪ್ಪನನ್ನು ಮನೆಗೇ ಬಂದು ಕರೆದಳು. ರಿಟೈರಾದವನನ್ನು ಹುಡುಕಿಕೊಂಡು ಬಂದಿದ್ದಾರೆಂದರೆ ಏನೋ ಮಸಲತ್ತು ಇರಲೇಬೇಕು ಎಂದು ಇವನು ಎರಡು ದಿನ ಯೋಚಿಸಿ ಹೋದ.

ಬಲಗಡೆಯ ದೀಪ ಸ್ಟೋರಿನಲ್ಲಿ ಸಿಕ್ಕಿತು. ಎಡಗಡೆಯದು ಇರಲಿಲ್ಲ. ಶಿವಾನಿ ಹುಕ್ಕೇರಿಯಲ್ಲಿದ್ದ ಹಳೆಯ ಸ್ಟೋರ್‌ಕೀಪರ್ ಗುರುಲಿಂಗಪ್ಪನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

“ಎರಡೂ ಬಿಚ್ಚಿದಾಂವ ಉದ್ದಪ್ಪ. ಸ್ಟೋರಿಗೆ ಬಂದದ್ದು ಒಂದ. ಮುಂದಿಂದು ನನಗ ಗೊತ್ತಿಲ್ಲರಿ” ಎಂದ ಗುರುಲಿಂಗಪ್ಪ.

ಉದ್ದಪ್ಪ ಎದ್ದು ಹೊರಬಿದ್ದ. ಇಷ್ಟು ವರ್ಷ ಚೀಲದಲ್ಲಿ ಸಿಗದ ಕಳ್ಳತನವನ್ನು ಈ ಮನುಷ್ಯ ಕುಳಿತಲ್ಲಿಂದಲೇ ತನ್ನ ತಲೆಗೆ ಕಟ್ಟಿದನಲ್ಲ. ಹಿತ್ತಾಳೆ ಬಳೆಯ ದೀಪ, ಮಾರಿಕೊಂಡವನು ಗುರುಲಿಂಗಪ್ಪನೇ. ಸ್ಟೇಷನ್ನಿನೆದುರಿನ ಚಹಾದಂಗಡಿಯಲ್ಲಿ ಇದನ್ನು ಕೇಳಿದವರಿಗೂ ಹೇಳಿದ, ಕೇಳದವರಿಗೂ ಹೇಳಿದ. ವಾರದೊಳಗೆ ಮಾತು ಹುಕ್ಕೇರಿ ಮುಟ್ಟಿತು. ಗುರುಲಿಂಗಪ್ಪ ಗುಡಿ ಕಟ್ಟೆಗೆ ಬರುವುದನ್ನೇ ಬಿಟ್ಟಿದ್ದಾನೆಂಬ ಸುದ್ದಿ ಬಂದಾಗ, “ತಪ್ಪಿಲ್ಲಂದ್ರ ಅಡಗೂದ್ಯಾಕ?” ಎಂದು ಇನ್ನೊಂದು ಚಹಾ ಹೇಳಿದ.

ಅತ್ತ ಬಲಗಡೆಯ ದೀಪದ ಕೆಲಸ ನಡೆದಿತ್ತು. ಒಳಗಿನ ತುಕ್ಕು ಕೆರೆದ, ಮಂಕಾದ ಕನ್ನಡಿಯನ್ನು ಹತ್ತಿಯಿಂದ ಒರೆಸಿದ, ಮುಟ್ಟಿದರೆ ಪುಡಿಯಾಗುತ್ತಿದ್ದ ವಾಯರು ಕಿತ್ತು ಹೊಸದು ಎಳೆದ. ಕೈ ಕೆಲಸದಲ್ಲಿದ್ದರೂ ಕಣ್ಣು ಮಾತ್ರ ಹೊರಗೆ ಕಬ್ಬು ಹೊತ್ತು ಹೋಗುವ ಟ್ರ್ಯಾಕ್ಟರುಗಳ ಮೇಲೆ. ಹಾಡಿನ ಪೆಟ್ಟಿಗೆ, ಬಣ್ಣದ ಲೈಟು ಎಂದು ಮೈತುಂಬ ಏರಿಸಿಕೊಳ್ಳುವ ಆ ಹುಡುಗರು ಗುಜರಿಯಲ್ಲಿ ಏನು ಸಿಕ್ಕರೂ ಬಿಡುವವರಲ್ಲ.

ಒಂದು ಮಧ್ಯಾಹ್ನ ರೈಲ್ವೆ ಗೇಟು ಹಾಕಿದ್ದಾಗ ನಿಂತ ಸಾಲಿನಲ್ಲಿ ಅವನಿಗೆ ಅದು ಕಂಡಿತು. ಟ್ರ್ಯಾಕ್ಟರಿನ ನೆತ್ತಿಯ ಮೇಲೆ ಹಿತ್ತಾಳೆಯ ಬಳೆ. ಕೆಳಗೆ ತಾನೇ ಸುತ್ತಿಗೆಯಿಂದ ಸರಿಮಾಡಿದ್ದ ತಗ್ಗು. ಓಡಿ ಹೋಗಿ ನೋಡಿದರೆ ಸ್ಟಿಯರಿಂಗ್ ಹಿಡಿದು ಕುಳಿತವನು ಲಖನ, ಕಣಗಲಾದಲ್ಲಿರುವ ನಾದಿನಿಯ ಮಗ. ಈ ಕಡೆಗೆ ಕಬ್ಬು ತಂದದ್ದು ಇದೇ ಮೊದಲು.

“ಯಾರ್ ಕೊಟ್ರೋ ಇದನ್ನ? ಗುರುಲಿಂಗಪ್ಪನ ಕಡೆಯಿಂದ ತಂದಿಯೇನ?”

“ಯಾವ ಗುರುಲಿಂಗಪ್ಪ, ಕಾಕಾ? ಉದ್ದವ್ವ ಮೌಶಿ ಕೊಟ್ಟಾಳ. ನಿಮ್ಮ ಅಟ್ಟದ ಮ್ಯಾಲಿತ್ತು.”

ಮನೆಯಲ್ಲಿ ಹೆಂಡತಿ ಉದ್ದವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳಿದಳು: “ಖಂಡೆ ಪೂಜಿಗೆ ನೀವ ತಂದಿದ್ರಿ. ಹುಣಸಿಹಣ್ಣ ಹಚ್ಚಿ ಫಳಫಳ ಮಾಡು ಅಂದ್ರಿ. ಆಮ್ಯಾಲೆ ಕೇಳಲೇ ಇಲ್ಲ.”

ಆಗ ಎಲ್ಲ ನೆನಪಾಯಿತು. ಆ ವರ್ಷ ಆಯುಧಪೂಜೆಗೆ ಮುಂಚೆ ಗುರುಲಿಂಗಪ್ಪನೇ ಗೇಟಿಗೆ ಹೇಳಿಸಿ, ದೀಪಗಳನ್ನು ಒಂದೊಂದಾಗಿ ಮನೆಗೆ ಒಯ್ಯಲು ಬಿಟ್ಟಿದ್ದ. ಬಲಗಡೆಯದು ತಿರುಗಿ ಹೋಗಿತ್ತು. ಎಡಗಡೆಯದು ಮನೆಯಲ್ಲಿದ್ದಾಗಲೇ ಹೊಸ ಎಲ್ಇಡಿ ಬಂದು, ಹಳೆಯದನ್ನು ಕೇಳುವವರೇ ಇಲ್ಲದಾಯಿತು. ಊರಿನವರನ್ನೆಲ್ಲ ಶಂಕಿಸಿದ ಉದ್ದಪ್ಪ ತನ್ನ ಅಟ್ಟವೊಂದನ್ನು ಹತ್ತಿ ನೋಡಿರಲಿಲ್ಲ. ಸಂಜೆಗೇ ಹೋಗಿ ಲಖನನ ಟ್ರ್ಯಾಕ್ಟರಿನಿಂದ ದೀಪವನ್ನು ಬಿಚ್ಚಿ ತಂದ.

ಮರುದಿನ ದೀಪವನ್ನು ಶಿವಾನಿಯ ಮೇಜಿನ ಮೇಲಿಟ್ಟು ಇದ್ದದ್ದನ್ನು ಇದ್ದಂತೆ ಹೇಳಿದ. ಅವಳು ಎಂಜಿನ್ನಿನ ಬಳಿ ತೂಗುಹಾಕುವ ಫಲಕಕ್ಕೆ ದೀಪಗಳ ಕತೆ ಬರೆಯುತ್ತಿದ್ದಳು.

“ಎರಡೂ ಸ್ಟೋರಿನ್ಯಾಗ ಸಿಕ್ಕವು ಅಂತ ಬರೀತೇನಿ ಬಿಡ್ರಿ ಕಾಕಾ. ಯಾರಿಗೂ ಗೊತ್ತಾಗೂದಿಲ್ಲ.”

ಉದ್ದಪ್ಪನಿಗೆ ಆಸೆಯಾಯಿತು. ಖರೆ ಹೇಳಬೇಕೆಂದರೆ ಬಹಳವೇ ಆಸೆಯಾಯಿತು. ಮೂವತ್ತೊಂದು ವರ್ಷದ ಹೆಸರು ಹಾಗೇ ಉಳಿಯುತ್ತಿತ್ತು.

“ಬ್ಯಾಡ್ರಿ ಮೇಡಂ” ಎಂದ. “ಸ್ಟೋರಿನ್ಯಾಗ ಅಂದ್ರ ಗುರುಲಿಂಗಪ್ಪಾರು ಮುಚ್ಚಿಟ್ಟಿದ್ರು ಅಂತ ಆಗ್ತೈತಿ. ಉದ್ದಪ್ಪನ ಮನ್ಯಾಗ ಇತ್ತು ಅಂತ ಬರೀರಿ.”

“ಮಂದಿ ನಿಮಗ ಕಳ್ಳ ಅಂತಾರ.”

“ಅನ್ಲಿರಿ. ಗುರುಲಿಂಗಪ್ಪಾರಿಗೆ ನಾ ಅಂದೇನಲ್ಲ.”

ಅವಳು ಬರೆಯುವವರೆಗೂ ನಿಂತು ನೋಡಿದ. ಆಮೇಲೆ ಹುಕ್ಕೇರಿಯ ನಂಬರು ಹಚ್ಚಿಸಿಕೊಂಡ.

“ಕಾರ್ಖಾನಿ ಉದ್ದಪ್ಪ ಮಾತಾಡಾಕತ್ತೇನ್ರಿ. ದೀಪ ನನ್ನ ಮನ್ಯಾಗ ಇತ್ತು. ನಿಮ್ಮ ಹೆಸರು ನಾ ಕೆಡಿಸೇನಿ.”

ಉದ್ದಪ್ಪ ಫೋನನ್ನು ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು, ಅದನ್ನೇ ಇನ್ನೊಮ್ಮೆ ಹೇಳಿದ.