ಒಂದು ಲೋಟ ಶುಂಠಿ ಮಾಡಿದ ಕೆಲಸ

ಬೆಳಗಿನ ಐದು ಗಂಟೆ. ಜಾವಾ ದ್ವೀಪದ ಸೋಲೋ ನಗರದ ಆಸ್ಪತ್ರೆಯೊಂದರ ಹಿಂಬದಿಯ ಪುಟ್ಟ ಅಡುಗೆಮನೆಯಲ್ಲಿ ತುಮಿರಾ ಮೊಟ್ಟೆ ಒಡೆಯುತ್ತಿದ್ದಾರೆ. ಹಳದಿಯನ್ನು ಪಕ್ಕದ ಬಟ್ಟಲಿಗೆ ಬಿಟ್ಟು, ಬಿಳಿಯನ್ನಷ್ಟೇ ತಕ್ಕಡಿಗಿಟ್ಟು ತೂಗುತ್ತಾರೆ. ಅರ್ಧ ಚಮಚ ಹೆಚ್ಚಾಯಿತು, ತೆಗೆದರು. ಉಪ್ಪಿಲ್ಲ, ಖಾರವಿಲ್ಲ, ಎಣ್ಣೆಯ ಪಸೆಯೂ ಇಲ್ಲ. ಜೊತೆಗೆ ಎರಡು ತುಂಡು ಬ್ರೆಡ್ಡು, ಒಂದಿಷ್ಟು ಜಾಮು, ಅರ್ಧ ಲೋಟ ನೀರು. ಜಾವಾದ ಯಾವ ನಾಲಿಗೆಯೂ ಇದನ್ನು ಊಟ ಎಂದು ಒಪ್ಪಲಾರದು.

"ಮೊಟ್ಟೆ ಬೇಯ್ಸೋದಕ್ಕೂ ಸಂಬಳ ಕೊಡ್ತಾರಾ ಅಂತ ನಮ್ಮ ಬೀದಿಯೋರು ನಗ್ತಾರೆ. ನಗ್ಲಿ ಬಿಡಿ. ಹನ್ನೊಂದು ವರ್ಷ ಒಂದೇ ತೂಕದ ಮೊಟ್ಟೆ ಬೇಯ್ಸಿ ತೋರ್ಸಿ ಅಂತೀನಿ ನಾನು."

ಈ ಮೊಟ್ಟೆಗೆ ತಂತ್ರಜ್ಞರು ಕಣ್ಣಿಗೆ ಕಾಣದಷ್ಟು ವಿಕಿರಣದ ಮದ್ದು ಬೆರೆಸುತ್ತಾರೆ. ರೋಗಿ ಹತ್ತು ನಿಮಿಷದಲ್ಲಿ ತಿಂದು ಮುಗಿಸಬೇಕು. ಆಮೇಲೆ ತಿಂದದ್ದು ಹೊಟ್ಟೆಯಲ್ಲಿ ಎಷ್ಟು ಉಳಿದಿದೆ, ಎಷ್ಟು ಮುಂದಕ್ಕೆ ಜಾರಿದೆ ಎಂದು ಕ್ಯಾಮೆರಾ ನಾಲ್ಕು ಗಂಟೆಯವರೆಗೆ ಬಿಟ್ಟು ಬಿಟ್ಟು ನೋಡುತ್ತದೆ. ನಾಲ್ಕು ಗಂಟೆ ಕಳೆದರೂ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಉಳಿದಿದ್ದರೆ ಜಠರ ಮಂದವಾಗಿದೆ ಎಂದರ್ಥ. ಕೆಲವರಿಗೆ ಹಳೆಯ ಸಕ್ಕರೆ ಕಾಯಿಲೆಯಿಂದ, ಕೆಲವರಿಗೆ ಶಸ್ತ್ರಚಿಕಿತ್ಸೆಯಿಂದ, ಎಷ್ಟೋ ಜನರಿಗೆ ಏತಕ್ಕೆಂದೇ ಗೊತ್ತಾಗದೆ ಬರುವ ಈ ತೊಂದರೆಯ ಬಗ್ಗೆ ಡಾಕ್ಟರ್ ಹಪ್ಸಾರಿ ಇಲ್ಲಿ ಸಂಶೋಧನೆ ನಡೆಸುತ್ತಿದ್ದಾರೆ. ವಾರಕ್ಕೆ ಎಂಟು ರೋಗಿಗಳು ಬರುತ್ತಾರೆ. ಆ ನಾಲ್ಕು ಗಂಟೆ ಅವರ ಪಕ್ಕ ಕೂರುವುದೂ ತುಮಿರಾ ಅವರದೇ ಕೆಲಸ. ಎಲ್ಲರ ಬಾಯಲ್ಲೂ ಅವರು 'ಬು', ಅಂದರೆ ಅಮ್ಮ.

ಇಲ್ಲಿಗೆ ಬರುವ ಮೊದಲು ಅವರು ಆಸ್ಪತ್ರೆಯ ಗೇಟಿನಲ್ಲಿ ಗಾಡಿಯಿಟ್ಟು ಕೋಳಿ ಸಾರು, ಅನ್ನ ಮಾರುತ್ತಿದ್ದರು. ಗೇಟು ಅಗಲ ಮಾಡುವಾಗ ಗಾಡಿ ಹೋಯಿತು, ಅದರ ಬದಲಿಗೆ ಈ ಕೆಲಸ ಸಿಕ್ಕಿತು. ಗಾಡಿ ಹೋದರೂ ಗಾಡಿಯವಳ ಗುಣ ಹೋಗಲಿಲ್ಲ. ಎದುರಿಗೆ ಬಂದು ಕೂತವರಿಗೆ ಕುಡಿಯಲು ಏನೂ ಕೊಡದೆ ಮಾತಾಡಿಸುವುದು ಸೋಲೋದಲ್ಲಿ ಮರ್ಯಾದೆಯಲ್ಲ. ಹಿರಿಯರು ಕೊಟ್ಟದ್ದನ್ನು ಬೇಡ ಎನ್ನುವುದಂತೂ ಇನ್ನೂ ಕೆಟ್ಟದ್ದು.

ಕಳೆದ ವರ್ಷ ವೆನಿಂಗ್ ಎಂಬ ಮೂವತ್ತೊಂದರ ಹೆಂಗಸು ಪರೀಕ್ಷೆಗೆ ಬಂದಾಗ ಆದದ್ದೂ ಅದೇ. ಬಾಟಿಕ್ ಬಟ್ಟೆಗೆ ಮೇಣದ ಗೆರೆ ಎಳೆಯುವವಳು, ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಎರಡು ತುತ್ತಿಗೇ ಹೊಟ್ಟೆ ಬಿರಿಯುತ್ತದೆ, ಬೆಳಿಗ್ಗೆ ತಿಂದದ್ದು ಸಂಜೆಗೆ ಹಾಗೇ ವಾಂತಿಯಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಬಂದು ಬೆಂಚಿನ ಮೇಲೆ ಬಿಳಿಚಿಕೊಂಡು ಕೂತಿದ್ದಳು.

"ಓಕರಿಕೆ ಅಂದ್ಲು. ನಮ್ಮಲ್ಲಿ ಓಕರಿಕೆಗೆ ಶುಂಠಿನೇ ಅಲ್ವಾ? ತಾಳೆಬೆಲ್ಲ ಹಾಕಿ ಒಂದು ಲೋಟ ಗಟ್ಟಿಯಾಗಿ ಕುದಿಸಿ ಕೊಟ್ಟೆ. ಖಾಲಿ ಹೊಟ್ಟೇಲಿರಬೇಕು ಅಂದಿದ್ದಾರೆ ಬು, ಅಂತ ಒಂದ್ಸಲ ಅಂದ್ಲು, ಪಾಪ. ಇದೇನು ಊಟನಾ, ಕುಡಿ ಮಗಾ ಅಂದೆ. ನನ್ನ ಮುಖ ನೋಡಿ ಕುಡಿದ್ಲು."

ಪರೀಕ್ಷೆಯಲ್ಲಿ ಎಲ್ಲ ಸರಿಯಿದೆ ಎಂದು ಬಂತು. ವೆನಿಂಗ್ ಹೆಸರು ಸಂಶೋಧನೆಯ ಪಟ್ಟಿಯಿಂದ ಹೋಯಿತು, ಸಿಗಬೇಕಿದ್ದ ಔಷಧಿಯೂ ತಪ್ಪಿತು. ಮನಸ್ಸಿಗೆ ಸಂಬಂಧಪಟ್ಟದ್ದಿರಬಹುದು ಎಂದು ಬರೆದುಕೊಟ್ಟು ಕಳಿಸಿದರು.

ಎಂಟು ತಿಂಗಳ ನಂತರ ಡಾಕ್ಟರ್ ಹಪ್ಸಾರಿ ಸಿಬ್ಬಂದಿಯನ್ನು ಕೂರಿಸಿಕೊಂಡು, ಪರೀಕ್ಷೆಗೆ ಮೊದಲು ಏನೇನು ಕೂಡದು ಎಂದು ಓದಿ ಹೇಳಿದರು. ಶುಂಠಿ ಜಠರವನ್ನು ಚುರುಕು ಮಾಡಬಹುದು ಎಂಬ ಮಾತು ಅದರಲ್ಲಿತ್ತು. ತುಮಿರಾ ಅವರಿಗೆ ವೆನಿಂಗ್‌ಗೆ ಕೊಟ್ಟ ಲೋಟ ನೆನಪಾಯಿತು. ಆದರೂ ಬಾಯಿ ಬಿಡಲಿಲ್ಲ.

"ಹನ್ನೊಂದು ದಿನ ಸುಮ್ನಿದ್ದೆ. ಕೆಲಸ ಹೋಗುತ್ತೆ ಅನ್ನೋ ಭಯ. ಶುಂಠಿ ಕೊಟ್ಟಿದ್ದು ಗೊತ್ತಿಲ್ದೆ ಆಗಿದ್ದು. ಈ ಹನ್ನೊಂದು ದಿನ ಇದಾವಲ್ಲ, ಗೊತ್ತಿದ್ದೂ ಮಾಡಿದ್ದು. ಅದೇ ನನಗೆ ನುಂಗಕ್ಕಾಗಲ್ಲ."

ಹನ್ನೆರಡನೆಯ ದಿನ ಡಾಕ್ಟರ ಮುಂದೆ ನಿಂತು ಹೇಳಿದರು. "ಶುಂಠಿಯಿಂದಲೇ ಹೀಗಾಯ್ತು ಅಂತ ಹೇಳಕ್ಕಾಗಲ್ಲ, ಬು. ಆದ್ರೆ ಆ ಪರೀಕ್ಷೆ ಇನ್ನು ಲೆಕ್ಕಕ್ಕಿಲ್ಲ," ಎಂದ ಹಪ್ಸಾರಿ, ಮತ್ತೆ ಪರೀಕ್ಷೆಗೆ ಬರುವಂತೆ ಅಂದೇ ವೆನಿಂಗ್‌ಗೆ ಹೇಳಿಕಳಿಸಿದರು. ಬಂದವಳ ತೂಕ ಮೂವತ್ತನಾಲ್ಕು ಕಿಲೋ. ಈ ಸಲ ನಾಲ್ಕು ಗಂಟೆ ಕಳೆದರೂ ಅರ್ಧದಷ್ಟು ಮೊಟ್ಟೆ ಹೊಟ್ಟೆಯಲ್ಲೇ ಇತ್ತು.

ಈಗ ಅವಳಿಗೆ ಔಷಧಿ ನಡೆಯುತ್ತಿದೆ. ಎಣ್ಣೆ, ನಾರು ಕಡಿಮೆಯಿರುವ ಮೆತ್ತಗಿನ ಊಟ, ದಿನಕ್ಕೆ ಆರು ಸಲ, ಅಂಗೈಯಗಲದಷ್ಟು. ತೂಕ ಮೂರು ಕಿಲೋ ಏರಿದೆ. ಮೊದಮೊದಲು ಏರದೇ ಉಳಿದದ್ದು ಮನೆಯಲ್ಲಿ ಅವಳ ಮಾನ. ಎಂಟು ತಿಂಗಳು ಅತ್ತೆ ಪೈನೆಮ್ ಅವಳನ್ನು ನಾಟಕದವಳು ಎಂದೇ ಕರೆದಿದ್ದರು. ಹೊಸ ವರದಿ ತೋರಿಸಿದರೂ, "ಮೊದಲ್ನೇ ಕಾಗದಾನೂ ಇದೇ ಆಸ್ಪತ್ರೇದಲ್ವಾ? ಯಾವುದನ್ನ ನಂಬ್ಲಿ?" ಎಂದಿದ್ದರು. ಇದನ್ನು ಕೇಳಿದ ತುಮಿರಾ ಒಂದು ಭಾನುವಾರ ತಾವೇ ಆ ಮನೆಗೆ ಹೋದರು. ಇಸ್ತ್ರಿ ಮಾಡಿದ ಉದ್ದನೆಯ ಬಾಟಿಕ್ ಬಟ್ಟೆ ಉಟ್ಟು, ಚಾಪೆಯ ಮೇಲೆ ಕೂತು, ಶುಂಠಿಯಿಂದ ಹಿಡಿದು ಹನ್ನೊಂದು ದಿನದವರೆಗೆ ಒಂದನ್ನೂ ಬಿಡದೆ ಹೇಳಿದರು.

"ಬೈತಾರೆ ಅಂತ ಹೋಗಿದ್ದೆ. ಆ ಅಜ್ಜಿ ಬೈಲಿಲ್ಲ. ನಾನು ಅವಳಿಗೆ ಅಂದಿದ್ದನ್ನೆಲ್ಲ ಈಗ ಎಲ್ಲಿಗೆ ಹಾಕ್ಲಿ ತಾಯಿ, ಅಂತ ಕೇಳಿದ್ರು. ನಾನೂ ಅದನ್ನೇ ಕೇಳ್ಕೊಳ್ತಿದ್ದೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಚೆಗೆ ದಿನದ ಆರು ಊಟದಲ್ಲಿ ನಾಲ್ಕನ್ನು ಅತ್ತೆಯೇ ಅರೆದು ಕೊಡುತ್ತಾರಂತೆ. ಎರಡು ತಿಂಗಳಿಗೊಮ್ಮೆ ತಪಾಸಣೆಗೆ ಬರುವ ವೆನಿಂಗ್ ತುಮಿರಾ ಅವರನ್ನು ಕಂಡರೆ ಮೊದಲಿನಂತೆಯೇ ಬಾಗಿ ನಗುತ್ತಾಳೆ. ಅವಳು ಒಂದೇ ಒಂದು ಸಲವಾದರೂ ಬೈದಿದ್ದರೆ ಚೆನ್ನಾಗಿತ್ತು ಎಂದು ತುಮಿರಾ ಅವರಿಗೆ ಅನ್ನಿಸುತ್ತದೆ.

ನಿವೃತ್ತಿಗೆ ಇನ್ನೆರಡು ವರ್ಷವಿದೆ. ಆಸೆ ಏನು ಎಂದು ಕೇಳಿದರೆ ಅವರು ಒಲೆ ಆರಿಸಿ, ಕೈ ಒರೆಸಿಕೊಂಡು ಹೇಳುತ್ತಾರೆ: "ಈ ಕಾಯಿಲೇಲಿ ಹಸಿವೇ ಸತ್ತೋಗುತ್ತೆ ನೋಡಿ. ಆ ಹುಡುಗಿ ಔಷಧಿ ಥರ ಲೆಕ್ಕ ಹಾಕ್ಕೊಂಡು ತಿಂತಾಳೆ. ಒಂದಿನ ನನ್ನ ಮುಂದೆ ಬಂದು, ಬು, ಹೊಟ್ಟೆ ಹಸೀತಿದೆ, ಅನ್ಬೇಕು. ಅಷ್ಟು ಕೇಳಿಸ್ಕೊಂಡು ಮನೆಗೆ ಹೋಗ್ತೀನಿ."