ಸ್ಟಾರ್ಟರ್ ಡಬ್ಬಿಯಲ್ಲಿ ಇರಬೇಕಾಗಿದ್ದ ಕಾರ್ಡು

ದೇವರ ಹೆಸರಿಲ್ಲದೆ ಯಾವ ಕಾಗದವೂ ಅಚ್ಚಾಗಬಾರದೆಂಬುದು ನಾನು ಬಹುಕಾಲ ನಡೆಸಿಕೊಂಡು ಬಂದ ನಿಯಮ. ದೇವದುರ್ಗ ತಾಲ್ಲೂಕಿನ ಗೂಗಲ್ ಎಂಬ ಊರಿನ ಸಮೀಪದ ಹಳ್ಳಿಯೊಂದರಲ್ಲಿ, ಕುರಿ ಸಾಕುವವರ ಮನೆಯಲ್ಲಿ ಹುಟ್ಟಿದ ನನಗೆ ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಕಲಿಯುವ ಭಾಗ್ಯ ದೊರೆಯಿತು. ದೇವದುರ್ಗದಲ್ಲಿ ಮಾಸ್ತರಿಕೆ ಮುಗಿಸಿ ರಾಯಚೂರಿಗೆ ಬಂದ ಮೇಲೆ ಪರಿಚಯದವರ ಮುದ್ರಣಾಲಯದಲ್ಲಿ ಕರಡು ತಿದ್ದುತ್ತ ಕುಳಿತೆ. ಲಗ್ನಪತ್ರಿಕೆಯಿರಲಿ, ಕಿರಾಣಿ ಅಂಗಡಿಯ ಚೀಟಿಯಿರಲಿ, ನೆತ್ತಿಯ ಮೇಲೆ ಕುಲದೇವರ ಹೆಸರು ಕಾಣದಿದ್ದರೆ ನನ್ನ ಲೇಖನಿ ಮುಂದೆ ಸಾಗುತ್ತಿರಲಿಲ್ಲ.

ನನ್ನ ಒಬ್ಬರೇ ಅಳಿಯಂದಿರು ಮಾನ್ವಿಯವರು. ಸುಟ್ಟುಹೋದ ಪಂಪ್‌ಸೆಟ್ ಮೋಟರುಗಳಿಗೆ ಹೊಸ ತಾಮ್ರದ ತಂತಿ ಸುತ್ತುವುದು ಅವರ ಕಸುಬು. ಒಬ್ಬ ಸಾಹುಕಾರರ ಅಂಗಡಿಯಲ್ಲಿ ಹನ್ನೆರಡು ವರ್ಷ ಆಳಾಗಿ ದುಡಿದು, ಕಡೆಗೆ ಧೈರ್ಯ ಮಾಡಿ ಅದೇ ರಸ್ತೆಯಲ್ಲಿ ಸ್ವಂತ ಬಾಗಿಲು ತೆರೆದಿದ್ದರು. ಭತ್ತದ ಮೊದಲ ಹಂಗಾಮಿನಲ್ಲಿ ರೈತರು ಕರೆದರೆ ಅಂಗಡಿ ನಿಲ್ಲುತ್ತದೆ. ಇಲ್ಲವಾದರೆ ಮತ್ತೆ ಆ ಸಾಹುಕಾರರ ಅಂಗಡಿಯ ಆಳಿನ ಮಣೆಯೇ ಗತಿ. ಇದು ಅವರಿಗೂ ನನ್ನ ಮಗಳಿಗೂ ಚೆನ್ನಾಗಿ ತಿಳಿದಿತ್ತು. ಅವರ ಕೈಗುಣವನ್ನು ಬಲ್ಲ ರೈತರು ಬಹಳ ಮಂದಿ. ಆದರೆ ಅವರೆಲ್ಲರ ಬಳಿ ಇದ್ದದ್ದು ಸಾಹುಕಾರರ ಫೋನ್ ನಂಬರು. ಆದ್ದರಿಂದಲೇ ಅಳಿಯಂದಿರು ಕಾರ್ಡು ಮಾಡಿಸಲು ರಾಯಚೂರಿಗೆ ಬಂದದ್ದು.

"ಮಾವಾರ, ಭಾಳ ಏನೂ ಬ್ಯಾಡ್ರಿ. ಮೋಟರ್ ರಿವೈಂಡಿಂಗ್ ಅಂತ ಒಂದ್ ಸಾಲು, ಕೆಳಗ ನಂಬರು. ನಂಬರ್ ಮಾತ್ರ ದಪ್ಪಗ ಇರ್ಲಿ," ಎಂದರು.

"ಮ್ಯಾಲ ಅವ್ವನ ಫೋಟೋ ಇರ್ಲಿ," ಎಂದೆ ನಾನು. ನೀರಮಾನ್ವಿಯ ಎಲ್ಲಮ್ಮ ಎರಡೂ ಮನೆತನಗಳ ದೇವತೆ.

"ಇರ್ಲಿ ರೀ. ಆದ್ರ ನಂಬರು..."

"ಆಕಿ ಇದ್ರ ನಂಬರ್ ತಾನ ದಪ್ಪ ಆಗತದ."

ಅವರು ಮತ್ತೊಮ್ಮೆ ನಂಬರಿನ ಮಾತೆತ್ತಿದರು, ನಾನು ಕೇಳಿಸಿಕೊಳ್ಳಲಿಲ್ಲ. ನನ್ನೆದುರು ದನಿಯೆತ್ತುವ ಅಭ್ಯಾಸ ಅವರಿಗಿಲ್ಲ. ದೇವಿಯ ಬಣ್ಣದ ಚಿತ್ರ, ಸುತ್ತ ಹೊನ್ನಿನ ಅಂಚು, ನಾನೇ ರಚಿಸಿದ ಎರಡು ಸಾಲಿನ ಸಂಸ್ಕೃತ ಸ್ತುತಿ, ಇಷ್ಟೆಲ್ಲ ಸೇರಿದ ಮೇಲೆ ಮುದ್ರಣಾಲಯದ ಮಾಲೀಕರು ಕನ್ನಡಕ ಎತ್ತಿ ನೋಡಿದರು.

"ಮಾಸ್ತರ, ಇದು ಅಂಗಡಿ ಕಾರ್ಡೋ, ಜಾತ್ರಿ ಕರಪತ್ರೋ? ನಂಬರ್ ಕೂಡಸ್ಲಿಕ್ಕ ಜಾಗಾನ ಇಲ್ಲ."

"ಕೆಳಗ ಅಂಚಿನ್ಯಾಗ ಕೂಡಸ್ರಿ."

"ಇರುವಿ ಸಾಲಿನಂಗ ಕಾಣತದ ನೋಡ್ರಿ."

ಅವರ ನಗೆಯನ್ನು ನಾಸ್ತಿಕತೆಯೆಂದು ಬಗೆದು ನಾನು ಸಹಿ ಹಾಕಿಕೊಟ್ಟೆ.

ಒಂದು ಶುಕ್ರವಾರ ನಾನೇ ನೀರಮಾನ್ವಿಗೆ ಹೋಗಿ, ಕಾರ್ಡಿನ ಕಟ್ಟನ್ನು ಅಮ್ಮನ ಪಾದದಲ್ಲಿರಿಸಿ, ಭಂಡಾರದ ಅರಿಶಿನ ಹಚ್ಚಿಸಿಕೊಂಡು ಬಂದೆ. ಮಾನ್ವಿಯ ಬಸ್ ನಿಲ್ದಾಣದಲ್ಲಿ, ಅಕ್ಕಿ ಗಿರಣಿಗಳ ಮುಂದೆ, ಗೊಬ್ಬರದ ಅಂಗಡಿಯ ಸಾಲಿನಲ್ಲಿ ಅಳಿಯಂದಿರೊಡನೆ ನಿಂತು ಹಂಚಿದೆ. ಪಡೆದವರೆಲ್ಲ ಚಪ್ಪಲಿ ಕಳಚಿ, ಎರಡೂ ಕೈಯಿಂದ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಜೇಬಿನಲ್ಲಿಟ್ಟುಕೊಂಡರು. ಒಂದು ಕಾರ್ಡೂ ನೆಲಕ್ಕೆ ಬೀಳಲಿಲ್ಲ. ಆ ಸಂಜೆ ಮಗಳ ಮನೆಯಲ್ಲಿ ತೃಪ್ತಿಯಿಂದ ಒಂದು ರೊಟ್ಟಿ ಹೆಚ್ಚಿಗೆಯೇ ಉಂಡೆ.

ನಾಟಿ ಮುಗಿದು, ಕಾಲುವೆಯ ನೀರು ಸಾಲದ ಕೊನೆಯ ಹೊಲಗಳವರು ಹಗಲೂ ರಾತ್ರಿ ಮೋಟರು ಹಚ್ಚುವ ಕಾಲ ಬಂತು. ಆಗಲೇ ಮೋಟರುಗಳು ಸುಡುವುದು. ಸಾಹುಕಾರರ ಅಂಗಡಿಯ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ಅಳಿಯಂದಿರ ಫೋನು ಮೂಕವಾಗಿ ಕುಳಿತಿತ್ತು. ದಿನವೂ ಅಂಗಡಿ ಗುಡಿಸಿ, ಊದುಬತ್ತಿ ಹಚ್ಚಿ, ಮಧ್ಯಾಹ್ನದವರೆಗೆ ಕಾದು ಮನೆಗೆ ಬರುತ್ತಾರೆಂದು ಮಗಳು ತಿಳಿಸಿದಳು. ಇದು ಎಲ್ಲಮ್ಮ ತಾಯಿಯ ಪರೀಕ್ಷೆ, ತಾಳ್ಮೆಯಿರಲಿ ಎಂದು ನಾನು ರಾಯಚೂರಿನಿಂದಲೇ ಉಪದೇಶಿಸಿದೆ.

ಹಂಗಾಮು ಅರ್ಧ ಕಳೆದಾಗ ತಾಳಲಾರದೆ ಮಾನ್ವಿಗೆ ಹೋದೆ. ಪಕ್ಕದ ಹಳ್ಳಿಯ ರೈತರೊಬ್ಬರು, ಹಿಂದೆ ಅಳಿಯಂದಿರ ಕೈಯಲ್ಲೇ ಎರಡು ಸಲ ಮೋಟರು ಸುತ್ತಿಸಿದ್ದವರು, ಈ ಬಾರಿ ಸಾಹುಕಾರರಲ್ಲಿಗೆ ಹೋಗಿದ್ದರೆಂದು ಕೇಳಿ ಅವರ ಮನೆಗೇ ನಡೆದೆ. ಅವರು ಆದರದಿಂದ ಕಂಬಳಿ ಹಾಸಿದರು. ತಲೆಯೆತ್ತಿ ನೋಡಿದರೆ, ದೇವರ ಜಗಲಿಯ ಮೇಲೆ ನಮ್ಮ ಕಾರ್ಡು. ಕುಂಕುಮ ಹಚ್ಚಿ, ಹೂವಿಟ್ಟಿದ್ದರು. ಕುಂಕುಮ ಕೆಳಗಿಳಿದು ಅಂಚಿನಲ್ಲಿದ್ದ ನಂಬರು ಮುಚ್ಚಿಹೋಗಿತ್ತು.

"ಕಾರ್ಡು ಇಟ್ಗೊಂಡೀರಿ. ಮತ್ತ ನಮ್ಮವರಿಗ್ಯಾಕ ಫೋನ್ ಹಚ್ಚಲಿಲ್ರೀ?" ಎಂದು ಕೇಳಿದೆ.

"ಮಾಸ್ತರ, ಮೋಟರ್ ಸುಟ್ಟಿದ್ದು ಹೊಲ್ದಾಗ. ಅಲ್ಲಿ ಮೋಟರ್ ಚಾಲು ಮಾಡೂ ಸ್ಟಾರ್ಟರ್ ಡಬ್ಬಿ ಬಾಗ್ಲಾ ತೆಗದ್ರ ಒಳಗ ಯಾರ ಕಾರ್ಡ್ ಅಂಟಸಿರತದೋ ಅವರಿಗೆ ಹಚ್ಚತೀವಿ. ನಮ್ಮ ಆಳು ಅದ್ರಾಗಿದ್ದ ಸಾಹುಕಾರರ ನಂಬರಿಗೆ ಹಚ್ಚಿದ, ಅವ್ರು ಬಂದು ಮೋಟರ್ ಒಯ್ದ್ರು."

"ಇದನ್ನೂ ಅಲ್ಲೇ ಅಂಟಸಬೇಕಿತ್ತಲ್ರೀ."

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಏನ್ ಮಾತಂತ ಆಡ್ತೀರಿ? ಅವ್ವನ್ನ ಒಯ್ದು ಆ ಗ್ರೀಸಿನ ಡಬ್ಬ್ಯಾಗ ಇಡ್ಲೇನು? ಚಪ್ಲಿ ಮೆಟ್ಟಿಗೊಂಡು, ಬೀಡಿ ಸೇದಿದ ಕೈಲೆ ಮುಟ್ಟತಾರ ಅದನ್ನ. ತಿಳದವರು ನೀವ ಹಿಂಗಂದ್ರ ಹ್ಯಾಂಗ?"

ಅವರ ಹೆಂಡತಿ ಒಳಗಿನಿಂದಲೇ ಹೇಳಿದರು: "ನಮ್ಮ ಓಣ್ಯಾಗ ನಾಕ್ ಮನ್ಯಾಗ ಜಗಲಿ ಮ್ಯಾಲ ಅದ ರೀ. ಫೋಟೋ ಭಾಳ ಚಂದ ಬಂದದ."

ನಾನು ಎದ್ದು ಬಂದೆ. ಅವರ ಭಕ್ತಿಯಲ್ಲಿ ಲೋಪವಿರಲಿಲ್ಲ. ಪೂಜೆಗೆ ಅರ್ಹವಾದುದನ್ನು ಪೂಜಿಸಿದ್ದರು. ಕಸುಬಿನ ಕಾಗದಕ್ಕೆ ಎಣ್ಣೆಯ ಕೈ ತಾಗಬೇಕು, ಬೇಲಿಯ ಬದಿಯಲ್ಲಿ ಬಿಸಿಲು ಕಾಯಬೇಕು, ಸಿಟ್ಟಿನಲ್ಲಿರುವವನ ಕಣ್ಣಿಗೆ ಹತ್ತು ಅಂಕಿಗಳು ಮಾತ್ರ ಕಾಣಬೇಕು ಎಂಬುದನ್ನು ಆ ಕಸುಬು ಬಲ್ಲ ಅಳಿಯಂದಿರು ನಂಬರಿನ ಮಾತಿನಲ್ಲೇ ನನಗೆ ಮೂರು ಸಲ ಹೇಳಿದ್ದರು. ನನ್ನ ಸಂಸ್ಕೃತದ ಎರಡು ಸಾಲುಗಳನ್ನು ಯಾರೊಬ್ಬರೂ ಓದಿರಲಿಲ್ಲ. ಅವನ್ನು ಸೇರಿಸಿದ್ದು ಭಕ್ತಿಯಿಂದಲೋ ಜಂಬದಿಂದಲೋ ಎಂದು ಕೇಳಿಕೊಳ್ಳಲು ಅಂದೂ ಅಂಜಿದೆ, ಇಂದೂ ಅಂಜುತ್ತೇನೆ.

ಬರಿಯ ನಂಬರಿನ ಹೊಸ ಕಾರ್ಡು ಮಾಡಿಸಿಕೊಡುತ್ತೇನೆಂದು ಮಗಳಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಯಪ್ಪಾ, ಅವ್ರು ನಿನ್ನೆ ಅಂಗಡಿ ಖಾಲಿ ಮಾಡಿ ಕೀಲಿ ಕೊಟ್ಟು ಬಂದಾರ. ನಾಳೆ ಹಳೇ ಸಾಹುಕಾರರ ಕಡೆ ಹೋಗ್ತಾರ."

"ನನಗೊಂದು ಮಾತು ಹೇಳಬೇಕಿತ್ತಲ್ಲ, ಯವ್ವಾ."

"ನಿನಗ ಹೇಳೂದು ಅಂದ್ರ ಹ್ಯಾಂಗ ಇರತದ, ನಮಗ ಗೊತ್ತಾಗ್ಯದ."

ಆ ರಾತ್ರಿ ನನ್ನ ಹಾಸಿಗೆಯನ್ನು ಅಳಿಯಂದಿರೇ ಹಾಸಿದರು.

ಕಳೆದ ತಿಂಗಳು ಮಾನ್ವಿಗೆ ಹೋದಾಗ ಸಾಹುಕಾರರ ಅಂಗಡಿಯ ಮುಂದೆ ಹಾದುಹೋದೆ. ಅಳಿಯಂದಿರು ಗಿಡ್ಡ ಮಣೆಯ ಮೇಲೆ ಕುಳಿತು ತಂತಿ ಸುತ್ತುತ್ತಿದ್ದರು. ನನ್ನನ್ನು ಕಂಡೊಡನೆ ಕೈಯೊರೆಸಿಕೊಂಡು ಎದ್ದು, "ಬರ್ರಿ ಮಾವಾರ, ಚಹಾ ತಗೊಂಡು ಹೋಗ್ರಿ," ಎಂದರು.

ಒಳಗಿನಿಂದ ಸಾಹುಕಾರರ ದನಿ ಬಂತು: "ಲೇ, ಗಿರಾಕಿ ಕುಂತಾರ. ಸುತ್ತೂದು ಮುಗಸು ಮೊದಲ."

ನಲವತ್ತು ದಾಟಿದ, ಇಬ್ಬರು ಮಕ್ಕಳ ತಂದೆಯಾದ ಮನುಷ್ಯ. ನನ್ನ ಮುಖ ನೋಡದೆ ಮತ್ತೆ ಮಣೆಯ ಮೇಲೆ ಕುಳಿತರು. ನಾನು ನಿಲ್ಲದೆ ಮುಂದೆ ನಡೆದೆ.