ಒಂದೇ ಹುರುಳಿ, ಎರಡು ಹಿಟ್ಟು

ಶಿಕಾರಿಪುರದ ಕಾಲೇಜಿನಲ್ಲಿ ಕೊನೆಯ ವರ್ಷ ಓದುವಾಗ ಹುರುಳಿಕಾಳಿನಿಂದ ಪ್ರೊಟೀನ್ ತೆಗೆಯುವ ಎರಡು ವಿಧಾನಗಳನ್ನು ಹೋಲಿಸುವ ಪ್ರಾಜೆಕ್ಟ್ ನನಗೂ ನನ್ನ ಗೆಳತಿಗೂ ಬಂತು. ಅವಳು ಹೊಸಬಾಳೆಯವಳು. ಮನೆಯಲ್ಲಿ ಬೇಸಾಯ, ಜೊತೆಗೆ ಒಂದಷ್ಟು ಕುರಿ. ಹುರುಳಿಯೂ ಅವರ ಹೊಲದ್ದೇ.

ನನ್ನದು ಕ್ಷಾರದ ವಿಧಾನ. ತೆಳುವಾದ ಕಾಸ್ಟಿಕ್ ಸೋಡಾ ನೀರಿನಲ್ಲಿ ಹಿಟ್ಟು ಕಲಕಿದರೆ ಪ್ರೊಟೀನ್ ಕರಗಿ ಬರುತ್ತದೆ. ಸೋಸಿದ ನೀರಿಗೆ ಹನಿಹನಿಯಾಗಿ ಆಮ್ಲ ಬಿಟ್ಟರೆ ಹಾಲು ಒಡೆದಂತೆ ಗರಣೆ ಕಟ್ಟಿ ತಳಕ್ಕಿಳಿಯುತ್ತದೆ. ಅವಳದು ಉಪ್ಪುನೀರಿನ ವಿಧಾನ. ಉಪ್ಪುನೀರಿನಲ್ಲಿ ಕರಗಿಸಿ, ಆಮೇಲೆ ಬಹಳಷ್ಟು ತಣ್ಣೀರಿಗೆ ಸುರಿದು, ಪ್ರೊಟೀನ್ ಕೆಳಗೆ ಕೂರುವತನಕ ಕಾಯಬೇಕು. ಅವಳು ಕಾಯುವುದನ್ನು ನೋಡುವುದೇ ಒಂದು ಚೆಂದ. ಗಾಜಿನ ಪಾತ್ರೆ ಅಲುಗಬಾರದೆಂದು ಆ ಮೇಜಿನ ಮೇಲೆ ಯಾರಿಗೂ ಕೈಯೂರಲು ಬಿಡುತ್ತಿರಲಿಲ್ಲ.

ಒಣಗಿಸಿ ತೂಗಿದಾಗ ಅವಳದೇ ಹೆಚ್ಚು ಬಂತು. ಪುಸ್ತಕಗಳ ಪ್ರಕಾರ ಕ್ಷಾರದಲ್ಲಿ ಹೆಚ್ಚು ಬರಬೇಕಿತ್ತು. ನಮ್ಮ ಪ್ರಾಜೆಕ್ಟ್ ನೋಡಿಕೊಳ್ಳುತ್ತಿದ್ದ ಮೇಡಂಗೆ ಖುಷಿಯೋ ಖುಷಿ. "ಹೊಸ ವಿಷಯ ಸಿಕ್ಕಂಗಾತು, ಚೆನ್ನಾಗಿ ಬರೀರಿ" ಎಂದರು.

ಆ ಸಂಜೆ ಕೊಳವೆಗಳನ್ನು ತೊಳೆಯುತ್ತಿದ್ದವಳು ಥಟ್ಟನೆ ನಿಂತಳು. ಹಿಟ್ಟು ಕಲಕಿದ್ದ ನನ್ನ ಕೊಳವೆಯಲ್ಲಿ ಉಳಿದ ಚರಟದಲ್ಲಿ ಕಂದು ಚೂರುಗಳಿದ್ದವು. ಅವಳದು ಬರೀ ಬಿಳುಪು.

"ನೀ ಹಿಟ್ಟು ಎಲ್ಲಿ ಮಾಡ್ಸಿದ್ದೆ?"

"ಇಲ್ಲೇ ಗಿರಣೀಲಿ. ನೀ ತಂದ್ಕೊಟ್ಟ ಕಾಳೇ ಅಲ್ವಾ?"

"ಕಾಳು ಒಂದೇ ಕಣೆ. ನಂದು ಅಮ್ಮ ಮನೇಲಿ ಬೀಸಿದ್ದು. ಕಾಲೇಜಿಗೆ ಕೊಡೋದು ಅಂತ ಸಿಪ್ಪೆ ಎಲ್ಲ ಕೇರಿ ತೆಗ್ದಿದಾಳೆ. ನಿಂದ್ರಲ್ಲಿ ಸಿಪ್ಪೆ ಹಂಗೇ ಐತಲ್ಲೇ."

ಸಿಪ್ಪೆಯಲ್ಲಿ ಪ್ರೊಟೀನ್ ಕಮ್ಮಿ. ನನ್ನ ಹಿಟ್ಟಿನ ತೂಕದಲ್ಲಿ ಒಂದು ಪಾಲು ಸುಮ್ಮನೆ ಸಿಪ್ಪೆಯದಾಗಿತ್ತು. ಸೋತಿದ್ದವಳು ನಾನು, ನನಗೇ ಅದು ಹೊಳೆದಿರಲಿಲ್ಲ.

"ಈಗ ಮತ್ತೆ ಮಾಡಾಕೆ ಟೈಮ್ ಎಲ್ಲೈತೆ?" ಎಂದೆ.

ಅವಳು ಆಗಲೇ ಕೈ ಒರೆಸಿಕೊಂಡು ಸ್ಟಾಫ್ ರೂಮಿನ ಕಡೆ ಹೊರಟಿದ್ದಳು. ಹಿಂದೆಯೇ ಓಡಿದೆ. "ಮೇಡಂ, ನಾನು ಗೆದ್ದಿದ್ದು ವಿಧಾನದಿಂದ ಅಲ್ಲ, ಹಿಟ್ಟಿಂದ. ಇದು ಹೋಲಿಕೇನೇ ಅಲ್ಲ" ಎಂದಳು. ಮೇಡಂ ಗೋಡೆಯ ಕ್ಯಾಲೆಂಡರ್ ಕಡೆ ನೋಡಿದರು. ಆಮೇಲೆ, "ಭಾನುವಾರ ಲ್ಯಾಬ್ ತೆಗೀತೀನಿ, ಇಬ್ರೂ ಬರ್ರಿ" ಎಂದರು.

ಭಾನುವಾರ ಅವಳು ಆನವಟ್ಟಿ ಮೇಲಿಂದ ಬಸ್ಸು ಹಿಡಿದು ಬಂದಳು. ಅವರಮ್ಮ ಬೀಸಿದ ಹಿಟ್ಟನ್ನೇ ಜರಡಿ ಹಿಡಿದು ಇಬ್ಬರೂ ಹಂಚಿಕೊಂಡೆವು. ಮರುದಿನ ಒಣಗಿದ್ದನ್ನು ತೂಗಿದಾಗ ಈ ಸಲ ನನ್ನದೇ ಹೆಚ್ಚು ಬಂತು, ಸಾಕಷ್ಟು ಹೆಚ್ಚು. ಅವಳೇ ಬೋರ್ಡಿನ ಮೇಲೆ ಎರಡೂ ತೂಕ ಬರೆದಳು. ಮುಖದಲ್ಲಿ ಒಂದಿಷ್ಟೂ ಬೇಜಾರಿರಲಿಲ್ಲ. ನನ್ನ ಪುಡಿ ಸ್ವಲ್ಪ ಕಂದಾಗಿದ್ದು, ನೀರಿಗೆ ಹಾಕಿದರೆ ಗಂಟುಗಂಟಾಗುತ್ತಿತ್ತು. ಅವಳದು ಬೆಳ್ಳಗೆ, ಚೂರು ಉಪ್ಪುನೀರು ಬಿಟ್ಟರೆ ಸಲೀಸಾಗಿ ಕರಗುತ್ತಿತ್ತು. ಅದನ್ನೂ ಕೆಳಗೆ ಬರೆದಳು.

ಪರೀಕ್ಷೆಗೆ ಬಂದಿದ್ದ ಹೊರಗಿನ ಮೇಷ್ಟ್ರು, "ಹಂಗಾದ್ರೆ ಯಾವುದು ಒಳ್ಳೇದಮ್ಮ?" ಎಂದು ಕೇಳಿದರು.

"ಜಾಸ್ತಿ ಬೇಕಂದ್ರೆ ಇವಳದ್ದು ಸರ್. ಮತ್ತೆ ಕರಗಬೇಕು ಅಂದ್ರೆ ನಂದು" ಎಂದಳು. ಮೊದಲ ಸಲ ಮಾಡಿದ್ದು ಏಕೆ ರದ್ದಾಯಿತೆಂಬುದನ್ನು ಅವರು ಕೇಳದಿದ್ದರೂ ಪೂರ್ತಿ ವಿವರಿಸಿದಳು. ಮೇಷ್ಟ್ರು ಪೆನ್ನು ಕೆಳಗಿಟ್ಟು ಕಿವಿಗೊಟ್ಟರು.

ಈಗ ಅವಳು ಸೊರಬದ ಹತ್ತಿರ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಆ ಮಕ್ಕಳ ಅದೃಷ್ಟ ನೆನೆದು ನನಗೆ ಒಮ್ಮೊಮ್ಮೆ ಹೊಟ್ಟೆಕಿಚ್ಚಾಗುತ್ತದೆ.